ಪ್ರೌಢಶಾಲೆಗೆ ಹೋಗುವ ಮಕ್ಕಳ ಯೋಗಕ್ಷೇಮ: ಮುತ್ತತ್ತಿ ಹಾಗೂ ಸುತ್ತಲಿನ ಕಾಡಂಚಿನ ಗ್ರಾಮಗಳ ಪೋಷಕರಿಗೆ ಮಾಹಿತಿ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯು ಕಾವೇರಿ ನದಿಯ ದಂಡೆಯಲ್ಲಿ, ಕಾವೇರಿ ವನ್ಯಜೀವಿಧಾಮದ ಮಡಿಲಿನಲ್ಲಿ ಇರುವ ಗ್ರಾಮ. ಆಂಜನೇಯನ ದರ್ಶನಕ್ಕೂ ಹೊಳೆಯ ನೋಟಕ್ಕೂ ಬರುವ ಯಾತ್ರಿಕರಿಗೆ ಹಲಗೂರಿನಿಂದ ಮುತ್ತತ್ತಿಯವರೆಗಿನ ಸುಮಾರು 20 ಕಿಲೋಮೀಟರುಗಳ ದಾರಿಯು ಒಂದು ದಿನದ ವಿಹಾರ. ಹಲಗೂರಿನಲ್ಲಿ ಓದಲು ಹೊರಟ 14 ವರ್ಷದ ಮಗುವಿಗೆ ಅದೇ ದಾರಿಯು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ರಮಿಸಬೇಕಾದ ಕಾಡುದಾರಿ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಹದಿಹರೆಯದ ವಿದ್ಯಾರ್ಥಿಗಳ ದೇಹ ಮತ್ತು ಮನಸ್ಸಿನ ಯೋಗಕ್ಷೇಮಕ್ಕಾಗಿ ಶಾಲೆಯಲ್ಲಿಯೂ ಶಾಲೆಯ ಹೊರಗೂ ದೊರೆಯುವ ಸೌಲಭ್ಯಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಸರ್ಕಾರದ ಯಾವುದೇ ನೆರವಿಗೆ ಅರ್ಜಿ, ಪ್ರಮಾಣಪತ್ರ ಮತ್ತು ಓಡಾಟ ಬೇಕೆಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ವಿದ್ಯಾರ್ಥಿನಿಲಯ, ಬಸ್ ಪಾಸ್, ವಿದ್ಯಾರ್ಥಿವೇತನ ಇವುಗಳ ಮಟ್ಟಿಗೆ ಅದು ನಿಜ. ಆದರೆ ಮಗು ಊಟ ಬಿಟ್ಟು ಮೂಲೆ ಸೇರಿದಾಗ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಾಗ, ಯಾರಿಂದಲೋ ತೊಂದರೆಗೆ ಒಳಗಾದಾಗ ದೊರೆಯುವ ನೆರವಿಗೆ ಅರ್ಜಿಯೂ ಇಲ್ಲ, ಶುಲ್ಕವೂ ಇಲ್ಲ. ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು. ಈ ಎರಡು ಬಗೆಯ ಸೇವೆಗಳನ್ನು ಬೆರೆಸಿಕೊಂಡು, ಕಾಗದಪತ್ರ ಹೊಂದಿಸಿಕೊಂಡ ನಂತರ ಹೋದರಾಯಿತೆಂದು ಕಾಯುವುದರಿಂದ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ.

ಊರ ಶಾಲೆಯಿಂದ ದೂರದ ಶಾಲೆಗೆ

10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆಂದು ಪರಿಗಣಿಸಲಾಗುತ್ತದೆ. ಗ್ರಾಮೀಣ ಮಕ್ಕಳಿಗೆ ಈ ಅವಧಿಯ ಅತ್ಯಂತ ಸೂಕ್ಷ್ಮವಾದ ಘಟ್ಟವು ಊರಿನ ಅಥವಾ ನೆರೆಯೂರಿನ ಪ್ರಾಥಮಿಕ ಶಾಲೆಯನ್ನು ಬಿಟ್ಟು ದೂರದ ಪ್ರೌಢಶಾಲೆಗೆ ಸೇರುವ ಸಮಯ. ಊರ ಶಾಲೆಯಲ್ಲಿ ಶಿಕ್ಷಕರಿಗೆ ಮಗುವಿನ ಹೆಸರು, ಮನೆ, ತಂದೆ ತಾಯಿಯರ ಕಸುಬು ಎಲ್ಲವೂ ಗೊತ್ತಿರುತ್ತದೆ. ಒಂದು ದಿನ ಬಾರದಿದ್ದರೆ ಸಹಪಾಠಿಯನ್ನು ಕಳುಹಿಸಿ ವಿಚಾರಿಸುತ್ತಾರೆ. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರಿರುತ್ತಾರೆ. ಹತ್ತಾರು ಊರುಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಸೇರಿರುತ್ತಾರೆ. ಮೌನವಾಗಿರುವ ಮಗುವು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಇರಲು ಸಾಧ್ಯ.

ಕಾನೂನಿನ ರಕ್ಷಣೆಯೂ ಇದೇ ಘಟ್ಟದಲ್ಲಿ ತೆಳುವಾಗುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ 8ನೇ ತರಗತಿಯವರೆಗೆ, ಉಚಿತ ಮತ್ತು ಕಡ್ಡಾಯ ಶಿಕ್ಷಣದ ಭರವಸೆ ನೀಡುತ್ತದೆ. 9 ಮತ್ತು 10ನೇ ತರಗತಿಗಳಿಗೆ ಅಂತಹ ಕಡ್ಡಾಯವಿಲ್ಲ. ಆದುದರಿಂದ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಹೊಣೆಯು ಈ ಎರಡು ವರ್ಷಗಳಲ್ಲಿ ಹೆಚ್ಚಾಗಿ ಮನೆಯವರ ಮತ್ತು ಶಾಲೆಯವರ ಮೇಲೆಯೇ ಬೀಳುತ್ತದೆ. ಇದೇ ಎರಡು ವರ್ಷಗಳಲ್ಲಿ ಗಂಡುಮಕ್ಕಳಿಗೆ ಕಬ್ಬಿನ ಗದ್ದೆಯಲ್ಲಿಯೋ ಆಲೆಮನೆಯಲ್ಲಿಯೋ ಕೂಲಿಯ ಆಸೆ ಹುಟ್ಟುವುದು, ಹೆಣ್ಣುಮಕ್ಕಳ ಮನೆಯಲ್ಲಿ ಮದುವೆಯ ಮಾತು ಆರಂಭವಾಗುವುದು ಕಾಕತಾಳೀಯವಲ್ಲ.

ದೂರವನ್ನು ಕಡಿಮೆ ಮಾಡಲು ಮೂರು ದಾರಿಗಳಿವೆ. ಒಂದನೆಯದು ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳು ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಗಂಡುಮಕ್ಕಳು ರಿಯಾಯಿತಿ ದರದ ವಿದ್ಯಾರ್ಥಿ ಪಾಸ್‌ಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬೇಕಾಗುತ್ತದೆ. ಮನೆಯಲ್ಲಿ ಗಣಕಯಂತ್ರವಿಲ್ಲದವರು ಗ್ರಾಮ ಒನ್ ಕೇಂದ್ರದ ನೆರವು ಪಡೆಯಬಹುದು. ಪಾಸ್ ಇದ್ದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲವೆಂಬುದು ಕಾಡಂಚಿನ ಪೋಷಕರಿಗೆ ತಿಳಿದೇ ಇದೆ. ಆನೆಗಳು ಓಡಾಡುವ ದಾರಿಯಲ್ಲಿ ಮುಸ್ಸಂಜೆಯ ನಂತರ ಮಗು ಒಂಟಿಯಾಗಿ ನಡೆಯುವಂತಾಗಬಾರದು. 10ನೇ ತರಗತಿಯವರಿಗೆ ನಡೆಸುವ ವಿಶೇಷ ತರಗತಿಗಳು ಬಸ್ಸಿನ ವೇಳೆಗೆ ಹೊಂದದಿದ್ದಲ್ಲಿ ಪೋಷಕರು ಮುಖ್ಯೋಪಾಧ್ಯಾಯರಲ್ಲಿ ಸಮಯ ಬದಲಾವಣೆಯನ್ನು ಕೋರುವುದು ನ್ಯಾಯವಾದ ಕೋರಿಕೆಯೇ ಆಗಿರುತ್ತದೆ. ಬಸ್ಸಿನ ವೇಳೆಯನ್ನೇ ಬದಲಿಸಬೇಕಿದ್ದಲ್ಲಿ ಶಾಲೆಯ ಪತ್ರದೊಡನೆ ಸಾರಿಗೆ ಘಟಕದ ವ್ಯವಸ್ಥಾಪಕರಿಗೆ ಮನವಿ ಸಲ್ಲಿಸಬಹುದು. ಒಬ್ಬರು ಹೋಗಿ ಕೇಳುವುದಕ್ಕಿಂತ ಶಾಲೆಯ ಮತ್ತು ಗ್ರಾಮ ಪಂಚಾಯಿತಿಯ ಮೂಲಕ ಹೋದ ಮನವಿಗೆ ತೂಕ ಹೆಚ್ಚು.

ಎರಡನೆಯದು ವಿದ್ಯಾರ್ಥಿನಿಲಯ. ಸಮಾಜ ಕಲ್ಯಾಣ ಇಲಾಖೆ, ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಹಾಗೂ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿದ್ದು, ಶೈಕ್ಷಣಿಕ ವರ್ಷದ ಆರಂಭದಲ್ಲಿ ಅರ್ಜಿಗಳನ್ನು ಆಹ್ವಾನಿಸಲಾಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಹೋಬಳಿಯ ನಾಡಕಚೇರಿಯಲ್ಲಿ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿಯೇ ಪಡೆದಿಟ್ಟುಕೊಂಡಲ್ಲಿ ಜೂನ್‌ನ ನೂಕುನುಗ್ಗಲು ತಪ್ಪುತ್ತದೆ. ಮೂರನೆಯದು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳು. ಇವುಗಳಿಗೆ ಪ್ರವೇಶ ದೊರೆಯುವುದು ಮುಖ್ಯವಾಗಿ 6ನೇ ತರಗತಿಗೆ. ಆದ್ದರಿಂದ ಮಗು 5ನೇ ತರಗತಿಯಲ್ಲಿರುವಾಗಲೇ ಪ್ರವೇಶ ಪರೀಕ್ಷೆಗೆ ಅರ್ಜಿ ಸಲ್ಲಿಸಿರಬೇಕು.

ಹಾಸ್ಟೆಲ್ ಸೇರಿದ ಮಗುವಿನ ವಿಷಯದಲ್ಲಿ ಪೋಷಕರಿಗೆ ಒಂದು ಸಲಹೆ. ಮೊದಲ ಎರಡು ತಿಂಗಳು ಮನೆಯ ನೆನಪು ಕಾಡುವುದು ಸಹಜ. ಆ ಅವಧಿಯಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ ಬರುವುದು, ಅಳುವ ಮಗುವನ್ನು ಹೀಯಾಳಿಸದಿರುವುದು ಒಳ್ಳೆಯದು. ಆದರೆ ನೆನಪಿನ ಕಾಟವಲ್ಲದೆ ಭಯವೇನಾದರೂ ಕಂಡುಬಂದಲ್ಲಿ, ಹಿರಿಯ ವಿದ್ಯಾರ್ಥಿಗಳಿಂದಾಗಲಿ ಸಿಬ್ಬಂದಿಯಿಂದಾಗಲಿ ತೊಂದರೆಯಿರುವ ಸುಳಿವು ದೊರೆತಲ್ಲಿ, ಅದನ್ನು ಹೊಂದಿಕೊಳ್ಳುವ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ.

ಶಾಲೆಯ ಒಳಗಿನ ಆಸರೆ

ಶಾಲೆಯೆಂದರೆ ಪಾಠ ಮತ್ತು ಪರೀಕ್ಷೆ ಮಾತ್ರವಲ್ಲ. ಮಗುವಿಗೆ ತಾನು ಈ ಶಾಲೆಗೆ ಸೇರಿದವನು, ಸೇರಿದವಳು ಎನ್ನಿಸಬೇಕು. ಹಾಗೆನ್ನಿಸುವುದು ಬೆಳಗಿನ ಪ್ರಾರ್ಥನೆಯಲ್ಲಿ ಪತ್ರಿಕೆ ಓದುವ ಸರದಿ ಬಂದಾಗ, ಪ್ರತಿಭಾ ಕಾರಂಜಿಯಲ್ಲಿ ಹಾಡಲು ಹೆಸರು ಕೊಟ್ಟಾಗ, ಕೊಕ್ಕೊ ತಂಡದಲ್ಲಿ ಸ್ಥಾನ ಸಿಕ್ಕಾಗ, ಕೈತೋಟದ ಒಂದು ಪಾತಿಯ ಉಸ್ತುವಾರಿ ತನ್ನದಾದಾಗ. ಓದಿನಲ್ಲಿ ಹಿಂದುಳಿದ ಮಗುವಿಗೆ ಇವು ಇನ್ನೂ ಹೆಚ್ಚು ಅಗತ್ಯ. ಅಂಕ ಕಡಿಮೆ ಬಂತೆಂದು ಆಟದಿಂದ ಬಿಡಿಸುವ ಪೋಷಕರು ಮಗುವಿಗೆ ಶಾಲೆಯೊಡನಿದ್ದ ಒಂದೇ ನಂಟನ್ನು ಕಡಿದಂತಾಗುತ್ತದೆ.

ಆಯುಷ್ಮಾನ್ ಭಾರತ್ ಯೋಜನೆಯ ಅಂಗವಾಗಿ 2020ರಲ್ಲಿ ಆರಂಭಗೊಂಡ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಂತೆ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಸಾಧ್ಯವಿದ್ದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳಾ ಶಿಕ್ಷಕರಿಗೆ, ಆರೋಗ್ಯ ಮತ್ತು ಕ್ಷೇಮದ ರಾಯಭಾರಿಗಳಾಗಿ ತರಬೇತಿ ನೀಡಲಾಗುತ್ತದೆ. ಬೆಳವಣಿಗೆ, ಮನಸ್ಸಿನ ಆರೋಗ್ಯ, ಪರಸ್ಪರ ಸಂಬಂಧ, ಪೌಷ್ಟಿಕ ಆಹಾರ, ದುಶ್ಚಟಗಳಿಂದ ದೂರವಿರುವುದು, ಹಿಂಸೆಯಿಂದ ರಕ್ಷಣೆ, ಅಂತರಜಾಲದ ಸುರಕ್ಷಿತ ಬಳಕೆ ಮುಂತಾದ 11 ವಿಷಯಗಳನ್ನು ಚಟುವಟಿಕೆಗಳ ಮೂಲಕ ತಿಳಿಸುವುದು ಇವರ ಕೆಲಸ. ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಈ ಶಿಕ್ಷಕರು ಯಾರೆಂದು ಕೇಳಿ ತಿಳಿದುಕೊಳ್ಳುವುದು ಉಪಯುಕ್ತ.

2001ರ ಸರ್ಕಾರಿ ಆದೇಶದಂತೆ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಕಟ್ಟಡ ಮತ್ತು ಬಣ್ಣದ ಲೆಕ್ಕಕ್ಕೆ ಮಾತ್ರ ಸೀಮಿತಗೊಳಿಸುವ ವಾಡಿಕೆಯಿದೆ. ಬಾಗಿಲಿಲ್ಲದ ಶೌಚಾಲಯ, ನೀರಿಲ್ಲದ ತೊಟ್ಟಿ, ಶಾಲೆಯ ಎದುರು ತಂಬಾಕು ಮಾರುವ ಅಂಗಡಿ ಇವೂ ಸಮಿತಿಯ ವಿಷಯಗಳೇ. ಹೆಣ್ಣುಮಕ್ಕಳು ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸುತ್ತಿದ್ದಲ್ಲಿ ಕಾರಣವನ್ನು ಮೊದಲು ಶೌಚಾಲಯದಲ್ಲಿ ಹುಡುಕಬೇಕು. ಶಿಕ್ಷಣ ಸಂಸ್ಥೆಯಿಂದ 100 ಗಜಗಳ ಒಳಗೆ ತಂಬಾಕು ಉತ್ಪನ್ನ ಮಾರುವುದನ್ನು 2003ರ ಕೇಂದ್ರ ಕಾಯ್ದೆಯು ನಿಷೇಧಿಸಿದೆ.

ಮಕ್ಕಳೇ ಮಾತನಾಡುವ ವೇದಿಕೆಯೊಂದು ಗ್ರಾಮ ಪಂಚಾಯಿತಿಯಲ್ಲಿದೆ. ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ತಮ್ಮ ಕುಂದುಕೊರತೆಗಳನ್ನು ನೇರವಾಗಿ ಹೇಳಬಹುದು. ಬಸ್ ನಿಲ್ದಾಣದಲ್ಲಿ ಬೀದಿದೀಪವಿಲ್ಲ, ದಾರಿಯಲ್ಲಿ ಕುಡಿದವರು ಕೀಟಲೆ ಮಾಡುತ್ತಾರೆ ಎಂಬಂತಹ ಮಾತುಗಳು ದೊಡ್ಡವರ ಸಭೆಯಲ್ಲಿ ಏಳುವುದು ಅಪರೂಪ. ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ಶಿಕ್ಷಕರು ನೋಡಿಕೊಳ್ಳಬೇಕು. ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಹಿಂದಿನ ಗ್ರಂಥಾಲಯ, ಶಾಲೆಯ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುತ್ತದೆ. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಿಂದ ಈ ವ್ಯವಸ್ಥೆ ಬಂದಿದೆ.

ಊಟ, ಮಾತ್ರೆ ಮತ್ತು ತಪಾಸಣೆ

ಮನಸ್ಸಿನ ಬೇಸರವೆಂದು ತೋರುವುದರ ಹಿಂದೆ ಹಲವು ಬಾರಿ ರಕ್ತಹೀನತೆ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು, ಗಂಡುಮಕ್ಕಳಲ್ಲಿ ಶೇಕಡ 31ರಷ್ಟು ಮಂದಿ ರಕ್ತಹೀನತೆಯುಳ್ಳವರು. ಬೇಗ ಆಯಾಸ, ಪಾಠದಲ್ಲಿ ತೂಕಡಿಕೆ, ಸಿಡುಕು ಇದರ ಲಕ್ಷಣಗಳು. 6ರಿಂದ 12ನೇ ತರಗತಿಯವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಶಾಲೆಯಲ್ಲಿ ಉಚಿತವಾಗಿ ಕೊಡಲಾಗುತ್ತದೆ. ಇದನ್ನು ಬರಿಹೊಟ್ಟೆಯಲ್ಲಿ ನುಂಗದೆ ಬಿಸಿಯೂಟದ ನಂತರ ನುಂಗಬೇಕು. ಮಲ ಕಪ್ಪಾಗುವುದು ಮಾತ್ರೆಯ ಸಹಜ ಪರಿಣಾಮ, ಅದರಿಂದ ಹಾನಿಯಿಲ್ಲ. ಮಕ್ಕಳು ಮಾತ್ರೆಯನ್ನು ಕಿಟಕಿಯಿಂದ ಎಸೆಯುವುದಕ್ಕೆ ಹೆಚ್ಚಿನ ಪಾಲು ಈ ಹೆದರಿಕೆಯೇ ಕಾರಣವಾದ್ದರಿಂದ ಮನೆಯಲ್ಲಿಯೂ ಒಂದು ಮಾತು ತಿಳಿಹೇಳಬೇಕಾಗಿ ವಿನಂತಿಸಿದೆ. ಜಂತುಹುಳು ನಿವಾರಣೆಯ ಮಾತ್ರೆಯನ್ನು ವರ್ಷಕ್ಕೆ ಎರಡು ಬಾರಿ ನೀಡಲಾಗುತ್ತದೆ.

ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು 10ನೇ ತರಗತಿಯವರೆಗೆ ಲಭ್ಯ. ಮೊಟ್ಟೆ, ಅಥವಾ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ನೀಡುವುದನ್ನು 2024ರಲ್ಲಿ ವಾರದ ಆರು ದಿನಗಳಿಗೆ ವಿಸ್ತರಿಸಲಾಯಿತು. ಬೆಳಿಗ್ಗೆ ಬೇಗ ಬಸ್ಸು ಹಿಡಿಯುವ ಮಗು ಉಪವಾಸ ಹೊರಡುವುದು ಸಾಮಾನ್ಯ; ಮುದ್ದೆಯೋ ರೊಟ್ಟಿಯೋ ಇದ್ದುದನ್ನು ತಿಂದು ಹೊರಡುವಂತೆ ನೋಡಿಕೊಳ್ಳುವುದು ಮನೆಯವರಿಂದ ಮಾತ್ರ ಸಾಧ್ಯವಾದ ಕೆಲಸ.

ಶುಚಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ನ್ಯಾಪ್‌ಕಿನ್ ನೀಡುವ ಕಾರ್ಯಕ್ರಮವು ಕೆಲವು ವರ್ಷ ಸ್ಥಗಿತಗೊಂಡಿದ್ದು, 2024ರಲ್ಲಿ ಪುನರಾರಂಭವಾಯಿತು. ಸರಬರಾಜು ಬಂದಿಲ್ಲವಾದಲ್ಲಿ ಮಹಿಳಾ ಶಿಕ್ಷಕರಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಶಾಲೆಗೆ ಬಂದು ದೃಷ್ಟಿ, ಶ್ರವಣ, ಹಲ್ಲು, ಹೃದಯ ಮುಂತಾದವುಗಳನ್ನು ಪರೀಕ್ಷಿಸುತ್ತದೆ. ತಂಡವು ಬರೆದುಕೊಡುವ ಶಿಫಾರಸು ಚೀಟಿಯನ್ನು ಮಗು ಪುಸ್ತಕದೊಳಗೆ ಮರೆತುಬಿಡುವುದುಂಟು. ಅದನ್ನು ಕೇಳಿ ಪಡೆದು ಆಸ್ಪತ್ರೆಗೆ ಹೋಗಬೇಕು.

ಮನಸ್ಸಿನ ತೊಂದರೆ

ಹದಿಹರೆಯದವರ ಮುನಿಸೆಲ್ಲವೂ ಕಾಯಿಲೆಯಲ್ಲ. ಆದರೆ ಎರಡು ವಾರಗಳಿಗೂ ಮೀರಿ ನಿದ್ರೆ ಅಥವಾ ಊಟ ಏರುಪೇರಾಗಿದ್ದಲ್ಲಿ, ಇಷ್ಟವಾಗಿದ್ದ ಆಟ ಗೆಳೆತನಗಳನ್ನು ಬಿಟ್ಟಿದ್ದಲ್ಲಿ, ಕಾರಣ ಕಾಣದ ಹೊಟ್ಟೆನೋವು ತಲೆನೋವು ಶಾಲೆಯ ದಿನಗಳಲ್ಲಿ ಮಾತ್ರ ಬರುತ್ತಿದ್ದಲ್ಲಿ, ತಾನು ಯಾರಿಗೂ ಬೇಡದವನೆಂಬ, ಬದುಕಿರಬಾರದೆಂಬ ಮಾತು ಒಮ್ಮೆಯಾದರೂ ಬಾಯಿಂದ ಬಂದಲ್ಲಿ ತಡಮಾಡಬಾರದು. ಕೊನೆಯದನ್ನು ಬೆದರಿಕೆಯೆಂದು ಭಾವಿಸಿ ಗದರಿಸುವುದು ಅಪಾಯಕಾರಿ. ನೇರವಾಗಿ, ಸಮಾಧಾನದಿಂದ ಕೇಳುವುದರಿಂದ ಅಂತಹ ಯೋಚನೆ ಮಗುವಿನ ತಲೆಗೆ ಹೊಸದಾಗಿ ಬರುವುದಿಲ್ಲ. ಅಂತಹ ಸಂದರ್ಭದಲ್ಲಿ ಮಗುವನ್ನು ಒಂಟಿಯಾಗಿ ಬಿಡಬಾರದು. ಕೃಷಿಕರ ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿಗಳು ಬೀಗದೊಳಗೆ ಇರತಕ್ಕದ್ದು. ಇದು ಎಲ್ಲ ಮನೆಗಳಿಗೂ, ಎಲ್ಲ ಕಾಲಕ್ಕೂ ಅನ್ವಯಿಸುವ ಎಚ್ಚರಿಕೆ.

ನೆರವಿಗೆ ಅತ್ಯಂತ ಹತ್ತಿರದ ದಾರಿ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಇದು ಉಚಿತವಾಗಿದ್ದು ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರಮಟ್ಟದ ಪ್ರಧಾನ ಕೇಂದ್ರ. ಮಗುವೇ ಕರೆ ಮಾಡಬೇಕೆಂದಿಲ್ಲ. ಏನು ಮಾಡಬೇಕೆಂದು ತೋಚದ ತಾಯಿಯೋ ಶಿಕ್ಷಕರೋ ಕರೆ ಮಾಡಬಹುದು. ಕಾಡಿನ ನಡುವೆ ದೂರವಾಣಿ ಸಂಪರ್ಕ ಸಿಗದ ಕಡೆಯಲ್ಲಿರುವವರು ಆಶಾ ಕಾರ್ಯಕರ್ತೆಗೆ ತಿಳಿಸಿದಲ್ಲಿ ಅವರು ಮುಂದಿನ ಸಂಪರ್ಕ ಕಲ್ಪಿಸಬಲ್ಲರು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ. ಮುಟ್ಟಿನ ತೊಂದರೆ, ಮೊಡವೆ, ದೇಹದ ಬದಲಾವಣೆಯ ಬಗೆಗಿನ ಆತಂಕ, ಚಟ, ಮನಸ್ಸಿನ ದುಗುಡ ಯಾವುದನ್ನಾದರೂ ಅಲ್ಲಿ ಕೇಳಬಹುದು. ಸಮಾಲೋಚಕರು ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡಬಯಸಿದಲ್ಲಿ ಪೋಷಕರು ಹೊರಗೆ ಕುಳಿತುಕೊಳ್ಳುವುದೇ ಸರಿ. ಮನೋವೈದ್ಯರ ಚಿಕಿತ್ಸೆ ಬೇಕೆಂದಾದಲ್ಲಿ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ನಡೆಯುವ ಚಿಕಿತ್ಸಾಲಯದ ದಿನಾಂಕವನ್ನು ಮಳವಳ್ಳಿ ಅಥವಾ ಮದ್ದೂರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೂ ಹೋಗಬಹುದು.

ಆತ್ಮಹತ್ಯೆಗೆ ಯತ್ನಿಸಿದ ಮಗುವನ್ನು ಪೊಲೀಸ್ ಮೊಕದ್ದಮೆಯ ಭಯದಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ಕುಟುಂಬಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಪ್ರಕರಣದಂತೆ ಅಂತಹ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕಾಗಿದ್ದು, ಆರೈಕೆ ಮತ್ತು ಪುನರ್ವಸತಿ ನೀಡುವುದು ಸರ್ಕಾರದ ಕರ್ತವ್ಯವಾಗಿದೆ. ಆದುದರಿಂದ ಮೊದಲು ಆಸ್ಪತ್ರೆ, ಉಳಿದದ್ದೆಲ್ಲ ನಂತರ.

ಫಲಿತಾಂಶದ ದಿನಗಳು ವಿಶೇಷ ಎಚ್ಚರದ ದಿನಗಳು. 2024ರಿಂದ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಕಲ್ಪಿಸಲಾಗಿದ್ದು, ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾಗದವರು ವರ್ಷ ಕಳೆದುಕೊಳ್ಳಬೇಕಾಗಿಲ್ಲ. ಈ ಮಾತನ್ನು ಫಲಿತಾಂಶ ಬಂದ ಮೇಲೆ ಹೇಳುವುದಕ್ಕಿಂತ ಬರುವ ಮೊದಲೇ ಮಗುವಿಗೆ ಹೇಳಿರುವುದು ಮೇಲು.

ಹೊಳೆ ಮತ್ತು ರಜೆಯ ದಿನಗಳು

ಮುತ್ತತ್ತಿಯ ಬಳಿ ಕಾವೇರಿಯು ಬಂಡೆಗಳ ನಡುವೆ ಹರಿಯುತ್ತದೆ. ಮೇಲೆ ಶಾಂತವಾಗಿ ಕಾಣುವ ಕಡೆಯಲ್ಲಿಯೇ ಸುಳಿ ಮತ್ತು ಆಳದ ಮಡುಗಳಿದ್ದು, ಈಜಲು ಇಳಿದ ಅನೇಕ ಯುವಕರು ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ, ಊರಿನಲ್ಲಿ ಹನಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ಸ್ಥಳೀಯ ಮಕ್ಕಳಿಗೆ ನದಿ ಪರಿಚಿತವೆಂಬ ಧೈರ್ಯವಿರುತ್ತದೆ. ಮುಳುಗುತ್ತಿರುವ ಪ್ರವಾಸಿಗರನ್ನು ಕಾಪಾಡಲು ಹಾರುವ ಹುಮ್ಮಸ್ಸೂ ಇರುತ್ತದೆ. ಹಾರಬಾರದು, ಹಗ್ಗ ಅಥವಾ ಬಿದಿರಿನ ಗಳ ಎಸೆದು ದೊಡ್ಡವರನ್ನು ಕೂಗಬೇಕು ಎಂಬುದನ್ನು ಶಾಲೆಯಲ್ಲಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಇತರೆಡೆಯ ಶಾಲೆಗಳು ಇಲ್ಲಿಗೆ ಪ್ರವಾಸ ಕರೆತಂದಾಗ ಮಕ್ಕಳನ್ನು ನೀರಿಗೆ ಇಳಿಸತಕ್ಕದ್ದಲ್ಲ.

ರಜೆಯ ದಿನಗಳಲ್ಲಿ ಪ್ರವಾಸಿಗರಿಗೆ ತಿನಿಸು ಮಾರಿ ಮನೆಗೆ ನೆರವಾಗುವ ಮಕ್ಕಳ ವಿಷಯದಲ್ಲಿ ಕಾನೂನು ಹೀಗಿದೆ: 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ಯಾವುದೇ ದುಡಿಮೆಗೆ ನೇಮಿಸಿಕೊಳ್ಳುವಂತಿಲ್ಲ. ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯಕಾರಿಯಲ್ಲದ ಕೆಲಸದಲ್ಲಿ ಕೈಜೋಡಿಸಲು ಅಡ್ಡಿಯಿಲ್ಲ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ.

ಮದುವೆ ಮತ್ತು ದೌರ್ಜನ್ಯ

ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇಕಡ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತೆಂದು ಮೇಲ್ಕಂಡ ಸಮೀಕ್ಷೆಯೇ ತಿಳಿಸುತ್ತದೆ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. ನಡೆಸಿದವರು, ಪ್ರೋತ್ಸಾಹಿಸಿದವರು, ತಿಳಿದೂ ಭಾಗವಹಿಸಿದವರು ಅಪರಾಧಿಗಳಾಗುತ್ತಾರೆ. ಮಾಹಿತಿ ಇದ್ದವರು ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಬಹುದು. ವಿದ್ಯಾರ್ಥಿನಿಯೊಬ್ಬಳು ಮುನ್ಸೂಚನೆಯಿಲ್ಲದೆ ವಾರಗಟ್ಟಲೆ ಗೈರುಹಾಜರಾದಾಗ ಶಿಕ್ಷಕರು ಹಾಜರಾತಿಯಲ್ಲಿ ಗುರುತು ಹಾಕಿ ಸುಮ್ಮನಾಗದೆ ಮನೆಗೆ ಹೋಗಿ ವಿಚಾರಿಸುವುದರಿಂದ ಮದುವೆಯೊಂದು ನಿಲ್ಲಬಹುದು.

ಲೈಂಗಿಕ ದೌರ್ಜನ್ಯದ ವಿಷಯ ತಿಳಿದಾಗ ಮಗುವಿನ ಮಾತನ್ನು ನಂಬುವುದು ಮೊದಲ ಹೆಜ್ಜೆ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು; ಊರಿನ ಮರ್ಯಾದೆ, ಶಾಲೆಯ ಹೆಸರು ಎಂಬ ಕಾರಣಕ್ಕೆ ಪಂಚಾಯಿತಿ ಸೇರಿಸಿ ರಾಜಿ ಮಾಡಿಸಲು ಅವಕಾಶವಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಮಗುವಿಗೆ ಒಪ್ಪಿಗೆಯಾದ ಜಾಗದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ದಾಖಲಿಸಿಕೊಳ್ಳುತ್ತಾರೆ. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಗುರುತು ಬಹಿರಂಗಪಡಿಸುವುದು ಅಪರಾಧ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

ಶಾಲೆಯಲ್ಲಿ ಹೊಡೆಯುವುದಾಗಲಿ ಮನನೋಯುವಂತೆ ಹೀಯಾಳಿಸುವುದಾಗಲಿ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣದಂತೆ ನಿಷಿದ್ಧ. ಅಂತಹ ದೂರನ್ನು ಮೊದಲು ಮುಖ್ಯೋಪಾಧ್ಯಾಯರಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮಳವಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿಗೆ, ನಂತರ ಮಂಡ್ಯದ ಉಪನಿರ್ದೇಶಕರಿಗೆ ಬರವಣಿಗೆಯಲ್ಲಿ ಸಲ್ಲಿಸಬಹುದು. ಮದ್ದೂರು ತಾಲ್ಲೂಕಿನವರು ಮದ್ದೂರಿನ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಸಂಪರ್ಕಿಸಬೇಕು. ದೂರಿನ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು.